ಚಿಕಿತ್ಸೆ ಮುಗಿದ ಮೇಲಿನ ಎಚ್‌ಪಿವಿ ಪರೀಕ್ಷೆಗಳು: ಯಾವುದರ ಮಾತು ನಂಬಬಹುದು, ಎಲ್ಲಿಯವರೆಗೆ?

ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಪರೀಕ್ಷೆಯ ರಿಪೋರ್ಟಿನ ಕೊನೆಯ ಸಾಲಿನಲ್ಲಿ ಇರುವುದು ಒಂದೇ ಮಾತು: 'ಡಿಟೆಕ್ಟೆಡ್' ಅಥವಾ 'ನಾಟ್ ಡಿಟೆಕ್ಟೆಡ್'. ಲೀಪ್ (ಗರ್ಭಕಂಠದ ಕೆಟ್ಟ ಭಾಗವನ್ನು ವಿದ್ಯುತ್ ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆಯುವುದು) ಮಾಡಿಸಿಕೊಂಡು ಆರು ತಿಂಗಳಾದವರ ರಿಪೋರ್ಟಿನಲ್ಲೂ ಅದೇ, ವಿಕಿರಣ ಮುಗಿಸಿ ಆರು ವಾರವಾದವರ ರಿಪೋರ್ಟಿನಲ್ಲೂ ಅದೇ. ಮೊದಲನೆಯವರಿಗೆ ಆ ಮಾತಿನ ಮೇಲೆ ಮುಂದಿನ ಹಲವು ವರ್ಷಗಳ ಲೆಕ್ಕ ಹಾಕಬಹುದು. ಎರಡನೆಯವರಿಗೆ, ಪರೀಕ್ಷೆ ತಪ್ಪು ಜಾಗದ ಸ್ಯಾಂಪಲ್‌ನಲ್ಲಿ ನಡೆದಿದ್ದರೆ, ಅದರ ಮೇಲೆ ಏನನ್ನೂ ಕಟ್ಟಲಾಗದು. ಮಾರುಕಟ್ಟೆಯಲ್ಲಿರುವ ಎಚ್‌ಪಿವಿ ಕಿಟ್‌ಗಳಲ್ಲಿ ಬಹುಪಾಲು ತಪಾಸಣೆಗೆ, ಅಂದರೆ ರೋಗ ಇಲ್ಲದವರಲ್ಲಿ ಅಪಾಯ ಹುಡುಕುವುದಕ್ಕೆ ಮಾಡಿದಂಥವು. ಚಿಕಿತ್ಸೆ ಫಲಿಸಿತೇ, ರೋಗ ಮರಳೀತೇ ಎಂಬ ಪ್ರಶ್ನೆಯನ್ನು ಮುಂದಿಟ್ಟಾಗ ಅವು ಹೇಗೆ ನಡೆದುಕೊಳ್ಳುತ್ತವೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ವೈರಸ್ಸೇ ಗುರುತಾಗಿ ಒದಗುವುದಕ್ಕೆ ಕಾರಣವಿದೆ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲದರ ಹಿಂದೆಯೂ ಎಚ್‌ಪಿವಿ ಇದೆ, ಸುಮಾರು ಶೇ. 70ರ ಹಿಂದೆ 16 ಮತ್ತು 18 ಎಂಬ ಎರಡೇ ತಳಿಗಳು. ವೈರಸ್ಸಿನ ಡಿಎನ್‌ಎ ಮನುಷ್ಯನ ಕೋಶದ ಡಿಎನ್‌ಎ ಒಳಗೆ ಸೇರಿಕೊಳ್ಳುವಾಗ ವೈರಸ್ಸಿನ ಇ2 ಎಂಬ ಜೀನ್ ಹಲವು ಬಾರಿ ತುಂಡಾಗುತ್ತದೆ. ಇ6, ಇ7 ಎಂಬ ವೈರಸ್ಸಿನ ಇನ್ನೆರಡು ಜೀನ್‌ಗಳನ್ನು ಹದ್ದುಬಸ್ತಿನಲ್ಲಿ ಇಡುವುದೇ ಇ2ರ ಕೆಲಸ. ಅದು ಹೋದರೆ ಇ6, ಕ್ಯಾನ್ಸರ್ ತಡೆಯುವ ನಮ್ಮ ಪಿ53 ಪ್ರೋಟೀನನ್ನು ನಾಶಮಾಡುತ್ತದೆ, ಇ7 ಅಂಥದ್ದೇ ಆದ ಆರ್‌ಬಿ ಪ್ರೋಟೀನನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಗೆಡ್ಡೆ ಬದುಕಿರುವಷ್ಟು ಕಾಲವೂ ಅದಕ್ಕೆ ಇ6, ಇ7 ಬೇಕೇ ಬೇಕು. ಹಾಗಾಗಿ ಈ ಎರಡು ಜೀನ್‌ಗಳನ್ನು ಹುಡುಕುವ ಪರೀಕ್ಷೆ ಗೆಡ್ಡೆಯ ಜೀವಾಳವನ್ನೇ ಹುಡುಕಿದಂತೆ. ವೈರಸ್ಸಿನ ಹೊರಕವಚದ ಜೀನ್ ಆದ ಎಲ್1 ಭಾಗವನ್ನು ಹುಡುಕುವ ಪರೀಕ್ಷೆಗೆ ಆ ಭರವಸೆ ಇಲ್ಲ, ಡಿಎನ್‌ಎ ಸೇರಿಕೊಳ್ಳುವಾಗ ಎಲ್1 ಕಳೆದುಹೋಗಿರಬಹುದು. ಕಿಟ್ ಆರಿಸುವಾಗ ಮೊದಲು ನೋಡಬೇಕಾದದ್ದು ಇದೇ, ಆದರೆ ಕೇಳುವವರು ಕಡಿಮೆ.

ಲೀಪ್ ಆದ ಮೇಲೆ: ಇಲ್ಲಿ ಸ್ವಾಬ್ ಪರೀಕ್ಷೆ ನಿಜಕ್ಕೂ ಗಟ್ಟಿ

ಕ್ಯಾನ್ಸರ್‌ಗೆ ಮುಂಚಿನ ಹಂತಕ್ಕೆ, ಅಂದರೆ ಸಿಐಎನ್ 2 ಮತ್ತು 3ಕ್ಕೆ, ಲೀಪ್ ಅಥವಾ ಕೋನ್ ಬಯಾಪ್ಸಿ (ಶಂಕುವಿನ ಆಕಾರದಲ್ಲಿ ಕತ್ತರಿಸುವುದು) ಮಾಡಿದ ಮೇಲೆ ಗರ್ಭಕಂಠದಿಂದ ಸ್ವಾಬ್ (ಬ್ರಷ್‌ನಿಂದ ಉಜ್ಜಿದ ಕೋಶಗಳ ಸ್ಯಾಂಪಲ್) ತೆಗೆದು ಎಚ್‌ಪಿವಿ ನೋಡುವುದಕ್ಕೆ ಬಲವಾದ ಆಧಾರವಿದೆ. 2017ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಇದನ್ನು ಕತ್ತರಿಸಿದ ಅಂಚಿನ ವರದಿಯ ಜೊತೆ ಹೋಲಿಸಿತು. ಉಳಿದ ಅಥವಾ ಮರಳಿದ ರೋಗವನ್ನು 'ಅಂಚಿನಲ್ಲಿ ರೋಗವಿದೆ' ಎಂಬ ಪೆಥಾಲಜಿ ವರದಿ ಮುಂಚಿತವಾಗಿ ಹಿಡಿದದ್ದು ಶೇ. 55.8ರಷ್ಟು ಮಾತ್ರ. ಎಚ್‌ಪಿವಿ ಪರೀಕ್ಷೆ ಹಿಡಿದದ್ದು ಶೇ. 91. ಸುಳ್ಳು ಗಂಟೆ ಬಾರಿಸುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಎಚ್‌ಪಿವಿ ನೆಗೆಟಿವ್ ಬಂದವರಲ್ಲಿ ಮುಂದೆ ಸಿಐಎನ್ 2 ಅಥವಾ ಅದಕ್ಕೂ ಮೇಲಿನದು ಕಂಡದ್ದು ಶೇ. 0.8ರಷ್ಟು ಮಂದಿಯಲ್ಲಿ, ಪಾಸಿಟಿವ್ ಬಂದವರಲ್ಲಿ ಶೇ. 28.4. ಅಂಚಿನ ವರದಿ ನೋಡಿ ಕಂಗಾಲಾಗಿ ಕೂಡಲೇ ಇನ್ನೊಂದು ಆಪರೇಷನ್‌ಗೆ ಓಡುವುದಕ್ಕಿಂತ, ಸಮಯಕ್ಕೆ ಸರಿಯಾಗಿ ಎಚ್‌ಪಿವಿ ನೋಡುವುದು ಹೆಚ್ಚು ತೂಕದ ಕೆಲಸ ಎಂದು ಈ ಅಂಕಿಗಳು ಹೇಳುತ್ತವೆ. ಅದರಲ್ಲೂ ಇನ್ನೂ ಮಕ್ಕಳು ಬೇಕೆನ್ನುವ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಮುಖ್ಯ, ಪ್ರತಿ ಸಲ ಕತ್ತರಿಸಿದಾಗಲೂ ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯ ಏರುತ್ತದೆ.

ಯಾವಾಗ ಮಾಡಿಸಬೇಕು? ಅಮೆರಿಕದ 2019ರ ಮಾರ್ಗಸೂಚಿ ಚಿಕಿತ್ಸೆಯಾಗಿ 6 ತಿಂಗಳಿಗೆ ಎನ್ನುತ್ತದೆ, ಆಮೇಲೆ ಮೂರು ವರ್ಷ ವರ್ಷಕ್ಕೊಮ್ಮೆ, ಅದಾದ ಮೇಲೆ ಕನಿಷ್ಠ 25 ವರ್ಷ ಮೂರು ವರ್ಷಕ್ಕೊಮ್ಮೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಸೂಚನೆ 12 ತಿಂಗಳಿಗೆ ಎನ್ನುತ್ತದೆ. ಲೀಪ್ ಆದ ತಿಂಗಳಲ್ಲೇ ಮಾಡಿಸಿದರೆ ದುಡ್ಡು ದಂಡ. ದೇಹ ವೈರಸ್ಸನ್ನು ಹೊರಹಾಕಲು ತಿಂಗಳುಗಳೇ ಬೇಕು, ಅದಕ್ಕೆ ಮೊದಲು ಬರುವ ಪಾಸಿಟಿವ್‌ಗೆ ಅರ್ಥವಿಲ್ಲ.

ಇನ್ನು ಕಿಟ್‌ಗಳ ಮಾತು. ಹೈಬ್ರಿಡ್ ಕ್ಯಾಪ್ಚರ್ 2 ಹಳೆಯ ಆಸಾಮಿ, ಈ ಕ್ಷೇತ್ರದ ಪುರಾವೆಯ ದೊಡ್ಡ ಪಾಲು ಇದರ ಮೇಲೆಯೇ ನಿಂತಿದೆ. ಆದರೆ 13 ತಳಿಗಳನ್ನು ಒಂದೇ ಬುಟ್ಟಿಗೆ ಹಾಕಿ 'ಇದೆ, ಇಲ್ಲ' ಎನ್ನುತ್ತದೆ. ಚಿಕಿತ್ಸೆಗೆ ಮೊದಲು 16 ಇದ್ದವರಿಗೆ ಈಗ ಪಾಸಿಟಿವ್ ಬಂದರೆ, ಉಳಿದದ್ದು ಅದೇ 16 ಆಗಿರಬಹುದು, ಹೊಸದಾಗಿ ಬಂದ 51 ಕೂಡ ಆಗಿರಬಹುದು. ಮೊದಲನೆಯದಾದರೆ ರೋಗ ಉಳಿದಿರುವ ಸಂಶಯ ಬಲವಾಗುತ್ತದೆ, ಎರಡನೆಯದು ಬಹುಮಟ್ಟಿಗೆ ಬೇರೆಯೇ ಕಥೆ. ಚಿಕಿತ್ಸೆಯ ನಂತರ ನಮಗೆ ಬೇಕಾದ ಉತ್ತರವೇ ಅಲ್ಲಿ ಸಿಗುವುದಿಲ್ಲ. ಇನ್ನೊಂದು ಕೊರತೆ ಇದಕ್ಕಿಂತ ಗಂಭೀರ: ಸ್ಯಾಂಪಲ್‌ನಲ್ಲಿ ಮನುಷ್ಯನ ಕೋಶಗಳು ಸಾಕಷ್ಟಿವೆಯೇ ಎಂದು ನೋಡುವ ಕಂಟ್ರೋಲ್ ಇದರಲ್ಲಿಲ್ಲ. ಖಾಲಿ ಬ್ರಷ್ ಅದ್ದಿ ಕಳಿಸಿದರೂ ನೆಗೆಟಿವ್ ಎಂದೇ ಬರುತ್ತದೆ.

ಕೋಬಾಸ್ 14 ತಳಿಗಳನ್ನು ನೋಡಿ 16 ಮತ್ತು 18ನ್ನು ಬೇರೆಯಾಗಿ ಹೇಳುತ್ತದೆ, ಉಳಿದ 12ನ್ನು ಒಟ್ಟಿಗೆ. ಬೀಟಾ ಗ್ಲೋಬಿನ್ ಎಂಬ ಮನುಷ್ಯ ಜೀನಿನ ಕಂಟ್ರೋಲ್ ಇರುವುದರಿಂದ ಕೋಶವಿಲ್ಲದ ಸ್ಯಾಂಪಲ್ 'ಅಮಾನ್ಯ' ಎಂದು ಬರುತ್ತದೆ, ಸುಳ್ಳು ಸಮಾಧಾನ ಕೊಡುವುದಿಲ್ಲ. ಆದರೆ ಅದು ಹುಡುಕುವುದು ಎಲ್1 ಭಾಗವನ್ನು. ಎಕ್ಸ್‌ಪರ್ಟ್ ಎಚ್‌ಪಿವಿ ಹುಡುಕುವುದು ಇ6, ಇ7ನ್ನು, ಉತ್ತರ ಕೊಡುವುದು ಐದು ಗುಂಪುಗಳಲ್ಲಿ: 16; 18 ಮತ್ತು 45; 31, 33, 35, 52, 58; 51 ಮತ್ತು 59; 39, 56, 66, 68. ದ್ರವದಲ್ಲಿರುವ ಸ್ಯಾಂಪಲ್‌ನಿಂದ 1 ಮಿ.ಲೀ. ಕಾರ್ಟ್ರಿಜ್‌ಗೆ ಹಾಕಿದರೆ ಸುಮಾರು ಒಂದು ಗಂಟೆಯಲ್ಲಿ ಉತ್ತರ. ಇದರಲ್ಲೂ ಮನುಷ್ಯ ಕೋಶದ ಕಂಟ್ರೋಲ್ ಇದೆ. ಚಿಕಿತ್ಸೆಯ ನಂತರದ ಬಳಕೆಗೆ ಈ ಮೂರರಲ್ಲಿ ನಮ್ಮ ಮೊದಲ ಆಯ್ಕೆ ಇದೇ. ಆನ್‌ಕ್ಲಾರಿಟಿ ತಳಿಗಳನ್ನು ಇನ್ನೂ ಬಿಡಿಬಿಡಿಯಾಗಿ ಹೇಳುತ್ತದೆ, ಇ6, ಇ7ನ್ನೇ ನೋಡುತ್ತದೆ. ಅದು ಇರುವ ಲ್ಯಾಬ್ ಹತ್ತಿರವಿದ್ದರೆ ಅದನ್ನೇ ಹಿಡಿಯಿರಿ. ಆಪ್ಟಿಮಾ ಡಿಎನ್‌ಎ ಬದಲು ಇ6, ಇ7ರ ಎಂಆರ್‌ಎನ್‌ಎ (ಜೀನ್ ಕೆಲಸ ಮಾಡುವಾಗ ಹುಟ್ಟುವ ಪ್ರತಿ) ನೋಡುತ್ತದೆ. ಸುಮ್ಮನೆ ಬಂದುಹೋಗುವ ಸೋಂಕನ್ನು ಸ್ವಲ್ಪ ಕಡಿಮೆ ಹಿಡಿಯುವುದು ಅದರ ಗುಣ, ಆದರೆ ಅದರೊಳಗಿನ ಕಂಟ್ರೋಲ್ ಯಂತ್ರದ ಕೆಲಸವನ್ನು ಪರೀಕ್ಷಿಸುತ್ತದೆಯೇ ಹೊರತು ಕೋಶಗಳಿವೆಯೇ ಎಂಬುದನ್ನಲ್ಲ.

ಗೋವಾದ ಮೊಲ್‌ಬಯೋ ಕಂಪನಿಯ ಟ್ರೂನ್ಯಾಟ್ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಬ್ಯಾಟರಿಯಲ್ಲಿ ನಡೆಯುವ, ತಾಲ್ಲೂಕು ಮಟ್ಟಕ್ಕೂ ಒಯ್ಯಬಹುದಾದ ಯಂತ್ರ, ಅದರ ಉಪಯೋಗ ನಿಜವಾಗಿ ದೊಡ್ಡದು. ಆದರೆ ಅದರ ಹಳೆಯ ಎಚ್‌ಪಿವಿ ಚಿಪ್ ನೋಡುವುದು 16, 31, 18, 45 ಎಂಬ ನಾಲ್ಕನ್ನು ಮಾತ್ರ. ಚಿಕಿತ್ಸೆಗೆ ಮೊದಲು 33 ಅಥವಾ 52 ಇದ್ದ ಹೆಣ್ಣುಮಗಳಿಗೆ ಆ ಚಿಪ್‌ನಲ್ಲಿ ಬರುವ ನೆಗೆಟಿವ್ ಏನನ್ನೂ ಹೇಳಿದಂತಾಗಲಿಲ್ಲ. 'ಪ್ಲಸ್' ಎಂಬ ಹೊಸ ಚಿಪ್ ಎಂಟು ತಳಿಗಳನ್ನು ನೋಡುತ್ತದೆ: 16, 18, 31, 33, 35, 45, 52, 58. ಯಾವ ಚಿಪ್ ಹಾಕುತ್ತಾರೆಂದು ಕೇಳಿಯೇ ಸ್ಯಾಂಪಲ್ ಕೊಡಿ.

ಸ್ಯಾಂಪಲ್ ಹಾಳಾಗುವ ಬಗೆಗಳೂ ಕೆಲವಿವೆ. ಅಸಿಟಿಕ್ ಆಮ್ಲ ಅಥವಾ ಅಯೋಡಿನ್ ಹಚ್ಚುವ ಮೊದಲೇ ಬ್ರಷ್ ಆಡಿಸಬೇಕು. ಸ್ಪೆಕ್ಯುಲಮ್‌ಗೆ (ಯೋನಿಯನ್ನು ಅಗಲಿಸುವ ಸಾಧನ) ಕಾರ್ಬೋಮರ್ ಇರುವ ಜೆಲ್ಲಿ ಬಳಿದರೆ ಅದು ಸ್ಯಾಂಪಲ್‌ಗೆ ಸೇರಿ ಕೆಡಿಸುತ್ತದೆ, ಬೆಚ್ಚಗಿನ ನೀರೇ ಸಾಕು. ಲೀಪ್ ಆದ ಮೇಲೆ ಗರ್ಭಕಂಠದ ಬಾಯಿ ಕಿರಿದಾಗಿ, ರೋಗ ಹುಟ್ಟುವ ಜಾಗವಾದ ರೂಪಾಂತರ ವಲಯ ಒಳಕ್ಕೆ ಸರಿದಿರುತ್ತದೆ. ಬ್ರಷ್ಷನ್ನು ಹೊರಗಷ್ಟೇ ಆಡಿಸಿ ತೆಗೆದರೆ ಒಳಗೆ ಉಳಿದದ್ದು ಸಿಗುವುದಿಲ್ಲ.

ವಿಕಿರಣದ ನಂತರ ಅದೇ ಸ್ವಾಬ್

ಇಲ್ಲಿ ಬೇಗ ಮುಗಿಸಬಹುದು, ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ: ವಿಕಿರಣದ ನಂತರ ಸ್ವಾಬ್ ಒಂದನ್ನೇ ನಂಬುವಂತಿಲ್ಲ. ಮುಂದುವರಿದ ಕ್ಯಾನ್ಸರ್‌ಗೆ ಜನ 'ಕರೆಂಟ್ ಕೊಡೋದು' ಎನ್ನುವ ವಿಕಿರಣ, ಹೊರಗಿನಿಂದ 25 ಸಲದಲ್ಲಿ 45ರಿಂದ 50 ಗ್ರೇ (ವಿಕಿರಣದ ಅಳತೆ), ಜೊತೆಗೆ ವಾರಕ್ಕೊಮ್ಮೆ ದೇಹದ ಮೇಲ್ಮೈಯ ಚದರ ಮೀಟರಿಗೆ 40 ಮಿ.ಗ್ರಾಂ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ, ಆಮೇಲೆ ಒಳಗಿನಿಂದ ಬ್ರಾಕಿಥೆರಪಿ, ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು. ವಿಕಿರಣ ತಗುಲಿದ ಕೋಶ ಅಲ್ಲೇ ಸಾಯುವುದಿಲ್ಲ, ಒಂದೆರಡು ಸಲ ವಿಭಜನೆಯಾಗಲು ಹೋಗಿ ಸಾಯುತ್ತದೆ. ಹಾಗಾಗಿ ಸತ್ತ, ಸಾಯುತ್ತಿರುವ ಕೋಶಗಳ ವೈರಸ್ ಡಿಎನ್‌ಎ ತಿಂಗಳುಗಟ್ಟಲೆ ಅಲ್ಲೇ ಸಿಗಬಹುದು. ಮೇಲಾಗಿ ಯೋನಿ ಕಿರಿದಾಗಿ ಅಂಗಾಂಶ ಒಣಗಿರುತ್ತದೆ, ಬ್ರಷ್‌ಗೆ ಕೋಶ ಸಿಗುವುದೇ ಕಷ್ಟ. ಕೋಶ ಕಂಟ್ರೋಲ್ ಇಲ್ಲದ ಕಿಟ್‌ನಲ್ಲಿ ನೆಗೆಟಿವ್ ಬಂದರೆ ಅದು ಗುಣವಾದ ಲಕ್ಷಣವೋ ಖಾಲಿ ಬ್ರಷ್ಷೋ ಹೇಳಲಾಗದು. ತಿಂಗಳುಗಳು ಕಳೆದರೂ ಬಿಡದೆ ಉಳಿಯುವ ಪಾಸಿಟಿವ್‌ಗೂ ಅದೇ ಜಾಗದಲ್ಲಿ ರೋಗ ಮರಳುವುದಕ್ಕೂ ಸಂಬಂಧ ಕಂಡಿದೆ, ನಿಜ. ಆದರೆ ಹೊಟ್ಟೆಯ ದುಗ್ಧರಸ ಗ್ರಂಥಿಯಲ್ಲೋ ಶ್ವಾಸಕೋಶದಲ್ಲೋ ಮರಳುವ ರೋಗವನ್ನು ಸ್ವಾಬ್ ನೋಡುವುದೇ ಇಲ್ಲ.

ರಕ್ತದಲ್ಲಿ ವೈರಸ್ಸಿನ ಡಿಎನ್‌ಎ

ನಿಜವಾದ ಹೊಸತನ ಇರುವುದು ಇಲ್ಲಿ. ಗೆಡ್ಡೆಯ ಕೋಶಗಳು ಸಾಯುವಾಗ ಅವುಗಳ ಡಿಎನ್‌ಎ ಚೂರುಗಳು ರಕ್ತಕ್ಕೆ ಬೀಳುತ್ತವೆ, ಎರಡು ಗಂಟೆಯೊಳಗೆ ಅರ್ಧಕ್ಕರ್ಧ ಕರಗಿಹೋಗುತ್ತವೆ. ಅಂದರೆ ಇಂದು ತೆಗೆದ ರಕ್ತ ಇಂದಿನ ಗೆಡ್ಡೆಯ ಮಾತು ಹೇಳುತ್ತದೆ. ಬೇರೆ ಕ್ಯಾನ್ಸರ್‌ಗಳಲ್ಲಿ ಒಂದು ಅಕ್ಷರ ಬದಲಾದ ಮನುಷ್ಯ ಡಿಎನ್‌ಎಯನ್ನು ಲಕ್ಷಾಂತರ ಸರಿಯಾದ ಪ್ರತಿಗಳ ನಡುವೆ ಹುಡುಕಬೇಕು. ಇಲ್ಲಿ ಹುಡುಕುವುದು ಮನುಷ್ಯನಲ್ಲಿ ಇರಲೇಬಾರದ ಅನುಕ್ರಮ, ಅದೂ ಒಂದೊಂದು ಕೋಶದಲ್ಲಿ ಹಲವು ಪ್ರತಿ ಇರಬಹುದು. ಗರ್ಭಕಂಠದ ಸಾದಾ ಸೋಂಕು ಸಾಮಾನ್ಯವಾಗಿ ರಕ್ತಕ್ಕೆ ಡಿಎನ್‌ಎ ಸುರಿಯುವುದಿಲ್ಲ, ಆದ್ದರಿಂದ ಪಾಸಿಟಿವ್ ಬಂದರೆ ಅದಕ್ಕೆ ತೂಕವಿದೆ. ಗಂಟಲಿನ ಅಥವಾ ಗುದದ್ವಾರದ ಎಚ್‌ಪಿವಿ ಕ್ಯಾನ್ಸರ್ ಇದ್ದರೂ ಇದು ಪಾಸಿಟಿವ್ ಬರಬಹುದು ಎಂಬುದನ್ನು ಮಾತ್ರ ಮರೆಯಬಾರದು.

ಇದಕ್ಕೆ ಒಳ್ಳೆಯ ಪುರಾವೆ ಕೆನಡಾದಿಂದ ಬಂದಿದೆ. ಟೊರೊಂಟೊ ತಂಡದ ನೇತೃತ್ವದಲ್ಲಿ ಕೀಮೋ-ವಿಕಿರಣ ಪಡೆದ 70 ಮಹಿಳೆಯರ ರಕ್ತವನ್ನು ಡಿಜಿಟಲ್ ಪಿಸಿಆರ್‌ನಲ್ಲಿ (ಡಿಎನ್‌ಎ ಪ್ರತಿಗಳನ್ನು ಎಣಿಸುವ ವಿಧಾನ) ನೋಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಚಿಕಿತ್ಸೆ ಮುಗಿದ ದಿನಗಳಲ್ಲೇ ನೋಡಿದಾಗ, ವೈರಸ್ ಕಾಣದವರಲ್ಲಿ ಎರಡು ವರ್ಷ ರೋಗ ಮುಂದುವರಿಯದೆ ಇದ್ದವರು ಶೇ. 77, ಕಂಡವರಲ್ಲಿ ಶೇ. 51. ಅದೇ 4ರಿಂದ 6 ವಾರ ಬಿಟ್ಟು ನೋಡಿದಾಗ ಶೇ. 82 ಮತ್ತು ಶೇ. 15. ಮೂರು ತಿಂಗಳಿಗೆ ಶೇ. 82 ಮತ್ತು ಶೇ. 24. ಈ ಮೂರು ಜೋಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ: ವ್ಯತ್ಯಾಸವೆಲ್ಲ ರಕ್ತ ತೆಗೆದ ದಿನದಲ್ಲಿದೆ. ಚಿಕಿತ್ಸೆ ಮುಗಿದ ವಾರದಲ್ಲಿ ಸಾಯುತ್ತಿರುವ ಕೋಶಗಳೂ ಡಿಎನ್‌ಎ ಸುರಿಸುತ್ತಿರುತ್ತವೆ, ಆಗಿನ ಪಾಸಿಟಿವ್ ಮಸುಕು. ತಿಂಗಳೊಪ್ಪತ್ತು ಕಳೆದ ಮೇಲಿನ ಪಾಸಿಟಿವ್ ಗಂಭೀರ. ಹೋಲಿಕೆಗೆ, ಗೆಡ್ಡೆಯನ್ನು ಹೊಳೆಯುವಂತೆ ತೋರಿಸುವ ಪಿಇಟಿ ಸ್ಕ್ಯಾನನ್ನು ಮೂರು ತಿಂಗಳಿಗೆ ಮಾಡುವುದರ ಬಗ್ಗೆ 2007ರಲ್ಲಿ ಬಂದ 92 ಮಹಿಳೆಯರ ಅಧ್ಯಯನದಲ್ಲಿ ಆ ಹೊಳಪು ಪೂರ್ತಿ ಆರಿದವರಲ್ಲಿ ಮೂರು ವರ್ಷ ರೋಗ ಮುಂದುವರಿಯದೆ ಇದ್ದವರು ಶೇ. 78, ಭಾಗಶಃ ಆರಿದವರಲ್ಲಿ ಶೇ. 33. ಸ್ಕ್ಯಾನ್‌ನಲ್ಲಿ ವಿಕಿರಣದ ಉರಿಯೂತವೂ ಹೊಳೆಯುತ್ತದೆ, ರಕ್ತಪರೀಕ್ಷೆಗೆ ಆ ಗೊಂದಲವಿಲ್ಲ. ಇವೆರಡೂ ಒಂದಕ್ಕೊಂದು ಜೊತೆ, ಒಂದರ ಬದಲು ಇನ್ನೊಂದಲ್ಲ.

ಉತ್ಪನ್ನವಾಗಿ ಮಾರಾಟಕ್ಕಿರುವುದರಲ್ಲಿ ಹೆಸರು ಮಾಡಿದ್ದು ಅಮೆರಿಕದ ನ್ಯಾವೆರಿಸ್ ಸಂಸ್ಥೆಯ ನ್ಯಾವ್‌ಡಿಎಕ್ಸ್. ಗಂಟಲ ಕ್ಯಾನ್ಸರ್‌ನಲ್ಲಿ ಅದರ ಸಾಧನೆ ಗಣ್ಯ. ಆದರೆ ಅದು ನೋಡುವುದು 16, 18, 31, 33, 35 ಎಂಬ ಐದು ತಳಿಗಳನ್ನು. ಗಂಟಲಿಗೆ ಅದು ಸಾಕು, ಅಲ್ಲಿ ಬಹುಪಾಲು 16 ಒಂದೇ. ಗರ್ಭಕಂಠಕ್ಕೆ ಸಾಲದು. 45, 52, 58 ಇಲ್ಲಿ ಅಪರೂಪದ ಅತಿಥಿಗಳಲ್ಲ. ಗೆಡ್ಡೆಯ ತಳಿ ಯಾವುದೆಂದು ಮೊದಲೇ ಗೊತ್ತಿಲ್ಲದೆ ಇಂಥ ಪರೀಕ್ಷೆಗೆ ದುಡ್ಡು ಹಾಕುವುದು ತಪ್ಪು.

ಲ್ಯಾಬ್‌ಗಳು ತಾವೇ ಕಟ್ಟಿಕೊಂಡ ಡ್ರಾಪ್ಲೆಟ್ ಡಿಜಿಟಲ್ ಪಿಸಿಆರ್ (ಸ್ಯಾಂಪಲ್ಲನ್ನು ಸಾವಿರಾರು ಹನಿಗಳಾಗಿ ಒಡೆದು ನೋಡುವುದು) ಸೇವೆಯಾದರೆ ಗುಣಮಟ್ಟ ನಿರ್ಧಾರವಾಗುವುದು ಯಂತ್ರದ ಹೆಸರಿನಿಂದಲ್ಲ, ಎಷ್ಟು ಪ್ಲಾಸ್ಮಾ (ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವ) ಬಳಸುತ್ತಾರೆ ಎಂಬುದರಿಂದ. ಲೆಕ್ಕ ನೋಡಿ. ರೋಗ ತುಸುವೇ ಉಳಿದವರ ಪ್ಲಾಸ್ಮಾದಲ್ಲಿ ಮಿ.ಲೀ.ಗೆ 5 ಪ್ರತಿ ವೈರಸ್ ಡಿಎನ್‌ಎ ಇದೆ ಎಂದಿಟ್ಟುಕೊಳ್ಳೋಣ. ಲ್ಯಾಬ್ ತೆಗೆದುಕೊಂಡದ್ದು 2 ಮಿ.ಲೀ., ಅಂದರೆ 10 ಪ್ರತಿ. ಡಿಎನ್‌ಎ ಬೇರ್ಪಡಿಸುವಾಗ ಅರ್ಧ ಹೋಯಿತು, 5 ಉಳಿಯಿತು. ಅದು 50 ಮೈಕ್ರೋಲೀಟರ್ ದ್ರವದಲ್ಲಿದೆ, ಯಂತ್ರಕ್ಕೆ ಹಾಕಿದ್ದು 10 ಮೈಕ್ರೋಲೀಟರ್. ಸರಾಸರಿ ಒಂದೇ ಪ್ರತಿ ಒಳಹೋದಂತಾಯಿತು, ಒಂದೂ ಹೋಗದಿರುವ ಸಂಭವ ಶೇ. 37. ನೂರರಲ್ಲಿ 37 ಮಂದಿಗೆ ರೋಗವಿದ್ದೂ 'ನಾಟ್ ಡಿಟೆಕ್ಟೆಡ್'! ಬದಲಿಗೆ 20 ಮಿ.ಲೀ. ರಕ್ತದಿಂದ 8 ಮಿ.ಲೀ. ಪ್ಲಾಸ್ಮಾ ತೆಗೆದು, ಬಂದ ದ್ರವವನ್ನೆಲ್ಲ ಯಂತ್ರದ ತಟ್ಟೆಯ ಹಲವು ಗುಳಿಗಳಿಗೆ ಹಂಚಿ ಓಡಿಸಿದರೆ 20 ಪ್ರತಿ ಒಳಹೋಗುತ್ತವೆ, ತಪ್ಪಿಹೋಗುವ ಸಂಭವ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಯಂತ್ರ ಒಂದೇ, ರೋಗಿ ಒಬ್ಬರೇ, ಉತ್ತರ ತಲೆಕೆಳಗು. ಹಾಗಾಗಿ ರಿಪೋರ್ಟಿನಲ್ಲಿ ಪ್ಲಾಸ್ಮಾ ಎಷ್ಟು ಮಿ.ಲೀ., ಮಿ.ಲೀ.ಗೆ ಎಷ್ಟು ಪ್ರತಿ, ಕಂಡುಹಿಡಿಯಬಲ್ಲ ಕನಿಷ್ಠ ಮಿತಿ ಎಷ್ಟು, ಈ ಮೂರೂ ಅಚ್ಚಾಗಿರದಿದ್ದರೆ ಆ ನೆಗೆಟಿವ್ ಅನ್ನು ಒಪ್ಪಿಕೊಳ್ಳಬೇಡಿ.

ಸ್ವಾಬ್‌ಗೆಂದು ಮಾಡಿದ ಕಿಟ್‌ನಲ್ಲೇ ಪ್ಲಾಸ್ಮಾ ಓಡಿಸುವುದೂ ತರವಲ್ಲ. ರಕ್ತದಲ್ಲಿ ತೇಲುವ ಡಿಎನ್‌ಎ ಚೂರಿನ ಉದ್ದ ಸುಮಾರು 160–170 ಬೇಸ್ (ಡಿಎನ್‌ಎಯ ಅಕ್ಷರ), ಗೆಡ್ಡೆಯಿಂದ ಬಂದದ್ದು ಇನ್ನೂ ಗಿಡ್ಡ. ಕೋಬಾಸ್‌ನಂಥ ಕಿಟ್ ಹಿಗ್ಗಿಸುವ ತುಂಡೇ ಸುಮಾರು 200 ಬೇಸ್. ಇಲ್ಲದ ಉದ್ದವನ್ನು ಹುಡುಕಿದರೆ ಸಿಗುವುದೆಲ್ಲಿ? ರಕ್ತಪರೀಕ್ಷೆಗೆ ಗುರಿ 100 ಬೇಸ್‌ಗಿಂತ ಚಿಕ್ಕದಿರಬೇಕು, ಇ6 ಅಥವಾ ಇ7 ಒಳಗಿರಬೇಕು.

ರಕ್ತ ತೆಗೆಯುವ ಹಂತದಲ್ಲೇ ಹೆಚ್ಚಿನ ಸ್ಯಾಂಪಲ್‌ಗಳು ಕೆಡುತ್ತವೆ. ಸಾಮಾನ್ಯ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಆದರೆ ಕೆಲವೇ ಗಂಟೆಗಳಲ್ಲಿ ಪ್ಲಾಸ್ಮಾ ಬೇರ್ಪಡಿಸಬೇಕು. ತಡವಾದರೆ ಬಿಳಿ ರಕ್ತಕಣಗಳು ಒಡೆದು ತಮ್ಮ ಡಿಎನ್‌ಎ ಸುರಿಯುತ್ತವೆ, ಹುಡುಕುವ ನಾಲ್ಕು ಪ್ರತಿ ಆ ರಾಶಿಯಲ್ಲಿ ಮುಳುಗುತ್ತದೆ. ಹೆಪಾರಿನ್ ಟ್ಯೂಬ್ ಬೇಡವೇ ಬೇಡ, ಅದು ಪಿಸಿಆರ್ ಅನ್ನೇ ತಡೆಯುತ್ತದೆ. ದೂರದ ಊರಿನಿಂದ ಕಳಿಸುವುದಾದರೆ ಕೋಶ ಒಡೆಯದಂತೆ ಕಾಯುವ ಸ್ಟ್ರೆಕ್ ಟ್ಯೂಬ್ ಬೇಕು: 10 ಮಿ.ಲೀ. ಗುರುತಿನವರೆಗೆ ತುಂಬಿ, 8–10 ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು, ಫ್ರಿಜ್‌ನಲ್ಲಿಡಬಾರದು. ರಾಯಚೂರು, ಕಲಬುರಗಿಯಿಂದ ಏಪ್ರಿಲ್-ಮೇ ತಿಂಗಳಲ್ಲಿ ಬೆಂಗಳೂರಿಗೆ ಹೋಗುವ ಪಾರ್ಸೆಲ್ 40 ಡಿಗ್ರಿ ದಾಟಿದ ಬಿಸಿಲಲ್ಲಿ ಗಾಡಿಯ ಡಬ್ಬಿಯೊಳಗೆ ಕೂರುತ್ತದೆ. ಆ ಬಿಸಿಗೆ ಈ ಟ್ಯೂಬೂ ಕಾಯಲಾರದು. ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಐಸ್ ನೇರ ತಾಗದಂತೆ, ರಾತ್ರಿ ಹೊರಡುವ ಗಾಡಿಗೆ ಕೊಡುವುದು ಲೇಸು. ಲ್ಯಾಬ್‌ನಲ್ಲಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಎರಡು ಸಲ ತಿರುಗಿಸಬೇಕು: ಮೊದಲು ಸುಮಾರು 1,600–2,000 ಜಿ ವೇಗದಲ್ಲಿ 10 ನಿಮಿಷ, ಮೇಲಿನ ಪ್ಲಾಸ್ಮಾವನ್ನು ಬೇರೆ ಟ್ಯೂಬ್‌ಗೆ ತೆಗೆದು ಮತ್ತೆ 16,000 ಜಿ ವೇಗದಲ್ಲಿ 10 ನಿಮಿಷ. ಪ್ಲಾಸ್ಮಾ ಕೆಂಪಗಿದ್ದರೆ ರಕ್ತಕಣ ಒಡೆದಿವೆ ಎಂದರ್ಥ, ಹೊಸ ರಕ್ತ ಕೇಳಬೇಕು.

ಸುಳ್ಳು ಪಾಸಿಟಿವ್‌ಗೂ ಒಂದು ಗೊತ್ತಿರುವ ದಾರಿ ಇದೆ. ಪಾಸಿಟಿವ್ ಕಂಟ್ರೋಲ್‌ಗೆಂದು (ಪರೀಕ್ಷೆ ವೈರಸ್ಸನ್ನು ಹಿಡಿಯುತ್ತಿದೆಯೇ ಎಂದು ನೋಡಲು) ಲ್ಯಾಬ್‌ಗಳು ಬಳಸುವುದು ಲ್ಯಾಬ್‌ನಲ್ಲೇ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು: ಹೀಲಾ ಕೋಶ, ಅದರಲ್ಲಿ ತಳಿ 18 ಇದೆ. ಸಿಹಾ ಮತ್ತು ಕ್ಯಾಸ್ಕಿ, ಅವುಗಳಲ್ಲಿ 16. ಸಿಹಾ ಕೋಶದಲ್ಲಿ ಒಂದೆರಡು ಪ್ರತಿ, ಕ್ಯಾಸ್ಕಿಯಲ್ಲಿ ನೂರಾರು. ರೋಗಿಯ ಸ್ಯಾಂಪಲ್‌ನಲ್ಲಿ ಐದು ಪ್ರತಿ ಹುಡುಕುವ ಮೇಜಿನ ಮೇಲೆ ಕ್ಯಾಸ್ಕಿ ಡಿಎನ್‌ಎ ತೆರೆದಿಟ್ಟರೆ ಒಂದು ಹನಿ ಸಿಡಿದರೂ ಸಾಕು. ಒಂದೆರಡು ಡ್ರಾಪ್ಲೆಟ್ ಮಾತ್ರ ಪಾಸಿಟಿವ್ ಇರುವ ರಿಪೋರ್ಟನ್ನು ಹೊಸ ರಕ್ತದಲ್ಲಿ ಇನ್ನೊಮ್ಮೆ ನೋಡದೆ ಯಾರ ಕೈಗೂ ಕೊಡಬಾರದು. ಆ ಕಾಗದ ಹಿಡಿದು ಮನೆಗೆ ಹೋಗುವ ಹೆಣ್ಣುಮಗಳ ರಾತ್ರಿಗಳನ್ನು ಲ್ಯಾಬ್ ನೆನೆಯಬೇಕು.

ಉಳಿದ ಸೂಚಕಗಳ ಬಗ್ಗೆ ಎರಡು ಮಾತು. ಬಯಾಪ್ಸಿಯ ಮೇಲೆ ಮಾಡುವ ಪಿ16 ಬಣ್ಣ (ಗೆಡ್ಡೆಯ ಹಿಂದೆ ಎಚ್‌ಪಿವಿ ಇದೆಯೇ ಎಂಬುದರ ಪರೋಕ್ಷ ಸೂಚಕ) ಅಗ್ಗ ಮತ್ತು ಉಪಯುಕ್ತ, ಏಕೆಂದರೆ ಎಚ್‌ಪಿವಿ ಇಲ್ಲದ ಗರ್ಭಕಂಠದ ಕ್ಯಾನ್ಸರ್‌ಗಳು ಸಾಮಾನ್ಯವಾಗಿ ಚಿಕಿತ್ಸೆಗೆ ಕಡಿಮೆ ಬಗ್ಗುತ್ತವೆ. ಅಂಥವರಿಗೆ ಮೇಲಿನ ಯಾವ ವೈರಸ್ ಪರೀಕ್ಷೆಯೂ ಒದಗುವುದಿಲ್ಲ, ಅದನ್ನು ಮೊದಲೇ ತಿಳಿದಿರಬೇಕು. ಚಿಕಿತ್ಸೆಗೆ ಮುಂಚೆ ಸ್ವಾಬ್‌ನಲ್ಲಿ 'ವೈರಲ್ ಲೋಡ್' ಅಳೆಯುವ ಪ್ಯಾಕೇಜಿಗೆ ನಾವು ದುಡ್ಡು ಹಾಕುವುದಿಲ್ಲ: ಬ್ರಷ್ ಎಷ್ಟು ಒತ್ತಿ ಆಡಿಸಿದರು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ, ಅಧ್ಯಯನಗಳ ಉತ್ತರಗಳೂ ಒಂದಕ್ಕೊಂದು ಹೊಂದುವುದಿಲ್ಲ.

ರಕ್ತದ ಪರೀಕ್ಷೆಯೊಂದನ್ನೇ ನಂಬಿ ಇನ್ನೊಂದು ಸುತ್ತು ಕೀಮೋ ಶುರು ಮಾಡುವುದಕ್ಕೆ, ಇಲ್ಲವೇ ಸ್ಕ್ಯಾನ್ ಬಿಡುವುದಕ್ಕೆ ಈಗಿನ ಪುರಾವೆ ಸಾಲದು. ಸರಿಯಾದ ಬಳಕೆ ಹೀಗೆ: ಚಿಕಿತ್ಸೆಗೆ ಮೊದಲು ಒಂದು ರಕ್ತ, ವಿಕಿರಣ ಮುಗಿದ 4ರಿಂದ 6 ವಾರಕ್ಕೆ ಇನ್ನೊಂದು, 12 ವಾರಕ್ಕೆ ಪಿಇಟಿ ಜೊತೆಗೆ ಮೂರನೆಯದು, ಎಲ್ಲವೂ ಒಂದೇ ಲ್ಯಾಬ್‌ನಲ್ಲಿ, ಒಂದೇ ವಿಧಾನದಲ್ಲಿ. ಮೊದಲ ರಕ್ತದಲ್ಲೇ ವೈರಸ್ ಕಾಣದಿದ್ದರೆ ಮುಂದಿನ ನೆಗೆಟಿವ್‌ಗಳಿಗೆ ಬೆಲೆಯಿಲ್ಲ, ಅಲ್ಲಿಗೇ ನಿಲ್ಲಿಸಿ ದುಡ್ಡು ಉಳಿಸಿ. ಎರಡನೆಯದೂ ಮೂರನೆಯದೂ ಪಾಸಿಟಿವ್ ಬಂದು ಅಂಕಿ ಏರುತ್ತಿದ್ದರೆ ಸ್ಕ್ಯಾನ್ ಶುಭ್ರವಿದ್ದರೂ ಮುಂದಿನ ಭೇಟಿಯನ್ನು ಹತ್ತಿರಕ್ಕೆ ತರುವಂತೆ ವೈದ್ಯರನ್ನು ಕೇಳಬೇಕು.

ಚಿಕಿತ್ಸೆಗೆ ಮೊದಲು ತಳಿ ನೋಡಿಯೇ ಇಲ್ಲದಿದ್ದರೆ ದಾರಿ ಮುಚ್ಚಿಲ್ಲ. ಮೊದಲ ಬಯಾಪ್ಸಿಯ ಪ್ಯಾರಾಫಿನ್ ಬ್ಲಾಕ್ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಇರುತ್ತದೆ, ಅದರಿಂದ ಕೆಲವು ತೆಳು ಪದರ ಕತ್ತರಿಸಿ ತಳಿ ಪತ್ತೆ ಮಾಡಬಹುದು. ಬ್ಲಾಕ್‌ಗಳನ್ನು ಆಸ್ಪತ್ರೆಗಳು ಕಾಲಾನಂತರ ವಿಲೇವಾರಿ ಮಾಡುವುದುಂಟು. ಬಯಾಪ್ಸಿ ರಿಪೋರ್ಟಿನ ಮೇಲ್ತುದಿಯಲ್ಲಿರುವ ಪೆಥಾಲಜಿ ನಂಬರನ್ನು ಬರೆದಿಟ್ಟುಕೊಂಡು, ಬ್ಲಾಕ್ ಇದೆಯೇ ಎಂದು ಈಗಲೇ ವಿಚಾರಿಸಿಕೊಳ್ಳಿ.